ಹೈಸ್ಕೂಲು ಗ್ರಾಜುಯೇಷನ್: ಟೋಪಿ, ನಿಲುವಂಗಿಯ ಹಿಂದಿನ ಚರಿತ್ರೆ

ಮೇ ಕೊನೆ, ಜೂನ್ ಮೊದಲ ವಾರ ಬಂತೆಂದರೆ ಅಮೆರಿಕದ ನಮ್ಮ ಕನ್ನಡ ಮನೆಗಳಲ್ಲಿ ಗ್ರಾಜುಯೇಷನ್ ಪಾರ್ಟಿಗಳ ಸುಗ್ಗಿ. ಬಿಸಿಬೇಳೆ ಭಾತು, ಮೈಸೂರು ಪಾಕು, ಊರಿನಿಂದ ಬಂದ ಅಜ್ಜ ಅಜ್ಜಿ, ನಿಲುವಂಗಿ ತೊಟ್ಟ ಮೊಮ್ಮಗಳ ಫೋಟೋ. ನಮ್ಮ ತಲೆಮಾರಿನವರಿಗೆ ಇದು ಸ್ವಲ್ಪ ಸೋಜಿಗವೇ. ನಾವು ಎಸ್.ಎಸ್.ಎಲ್.ಸಿ. ಪಾಸಾದಾಗ ದೇವರಿಗೊಂದು ತೆಂಗಿನಕಾಯಿ, ಅಕ್ಕಪಕ್ಕದವರಿಗೆ ಸಿಹಿ, ಅಲ್ಲಿಗೆ ಮುಗಿಯಿತು. ಹೈಸ್ಕೂಲು ಮುಗಿಸುವುದು ಈ ದೇಶದವರಿಗೆ ಏಕೆ ಇಷ್ಟು ದೊಡ್ಡ ಹಬ್ಬ? ಉತ್ತರ ಚರಿತ್ರೆಯಲ್ಲಿದೆ.

ಅಮೆರಿಕದ ಮೊದಲ ಸಾರ್ವಜನಿಕ ಹೈಸ್ಕೂಲು 1821ರಲ್ಲಿ ಬಾಸ್ಟನ್ನಿನಲ್ಲಿ ಆರಂಭವಾಯಿತು. ಕಾಲೇಜಿಗೆ ಹೋಗದೆ ವ್ಯಾಪಾರ, ಕಸುಬುಗಳಿಗೆ ಇಳಿಯುವ ಹುಡುಗರಿಗಾಗಿ ತೆರೆದ ಶಾಲೆ ಅದು. ಹುಡುಗಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮುಂದೆ ಮಿಷಿಗನ್ನಿನ ಕಲಮಜೂ ಊರಿನ ಕೆಲವರು, ತಮ್ಮ ತೆರಿಗೆ ಹಣದಲ್ಲಿ ಹೈಸ್ಕೂಲು ನಡೆಸಕೂಡದೆಂದು ನ್ಯಾಯಾಲಯಕ್ಕೆ ಹೋದರು. 1874ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಥಾಮಸ್ ಕೂಲಿ ಅವರು ಶಾಲೆಯ ಪರವಾಗಿ ತೀರ್ಪು ಬರೆದರು. ಬೇರೆ ರಾಜ್ಯಗಳಿಗೂ ಅದು ಮಾದರಿಯಾಯಿತು.

ಹಾಗಿದ್ದರೂ 1910ರಲ್ಲಿ ಹೈಸ್ಕೂಲು ಮುಗಿಸುತ್ತಿದ್ದವರು ನೂರಕ್ಕೆ ಹತ್ತು ಮಂದಿಯೂ ಇಲ್ಲ. 1940ರ ವೇಳೆಗೆ ಅದು ಸುಮಾರು ಅರ್ಧಕ್ಕೆ ಏರಿತು. ಅವರಲ್ಲಿ ಹೆಚ್ಚಿನವರಿಗೆ ಅದೇ ಕೊನೆಯ ಓದು. ಆದ್ದರಿಂದಲೇ ಊರಿಗೆ ಊರೇ ಸೇರಿ ಅವರನ್ನು ಹರಸಿ ಕಳುಹಿಸುತ್ತಿತ್ತು. ಟೋಪಿ, ನಿಲುವಂಗಿಗಳು ಕಾಲೇಜುಗಳಿಂದ ಹೈಸ್ಕೂಲಿಗೆ ಇಳಿದು ಬಂದವು. ಮೆರವಣಿಗೆಯಲ್ಲಿ ನುಡಿಸುವ ಎಲ್ಗರನ ಸಂಗೀತ ಇಂಗ್ಲೆಂಡಿನದು; 1905ರಲ್ಲಿ ಯೇಲ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟ ಸಮಾರಂಭದಲ್ಲಿ ನುಡಿಸಿದ ಮೇಲೆ ಅದು ಈ ದೇಶದಲ್ಲಿ ರೂಢಿಯಾಯಿತು.

ಆದರೆ ಈ ಹಬ್ಬ ಎಲ್ಲರ ಪಾಲಿಗೂ ಒಂದೇ ರೀತಿ ಬರಲಿಲ್ಲ. 1957ರಲ್ಲಿ ಅರ್ಕನ್ಸಾ ರಾಜ್ಯದ ಲಿಟಲ್ ರಾಕ್ ನಗರದ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಹೋಗಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನೇ ಕಳುಹಿಸಬೇಕಾಯಿತು. ಅವರಲ್ಲಿ ಹಿರಿಯ ಅರ್ನೆಸ್ಟ್ ಗ್ರೀನ್. 1958ರ ಮೇ ತಿಂಗಳಲ್ಲಿ ಸುಮಾರು ಆರುನೂರು ಸಹಪಾಠಿಗಳ ನಡುವೆ ಆತ ಪ್ರಮಾಣಪತ್ರ ಪಡೆದ. ಅವನ ಹೆಸರು ಕರೆದಾಗ ಸಭೆ ಚಪ್ಪಾಳೆ ತಟ್ಟಲಿಲ್ಲ. ಅವನ ಮನೆಯವರ ಜೊತೆ ಮಾರ್ಟಿನ್ ಲೂಥರ್ ಕಿಂಗ್ ಕುಳಿತಿದ್ದರು. ಮುಂದಿನ ವರ್ಷ ಆ ನಗರದ ಹೈಸ್ಕೂಲುಗಳನ್ನೇ ಮುಚ್ಚಿಸಲಾಯಿತು. ಗ್ರೀನ್ ಮುಂದೆ ಅಧ್ಯಕ್ಷ ಕಾರ್ಟರ್ ಅವರ ಸರಕಾರದಲ್ಲಿ ಕಾರ್ಮಿಕ ಇಲಾಖೆಯ ಉನ್ನತ ಹುದ್ದೆಗೇರಿದರು.

ಇದು ನಮ್ಮ ಕಥೆಯೂ ಹೌದು. 1946ರ ಕಾನೂನಿನ ಪ್ರಕಾರ ಇಡೀ ಭಾರತಕ್ಕೆ ವರ್ಷಕ್ಕೆ ಇದ್ದ ವಲಸೆಯ ಪಾಲು ನೂರು ಜನ. ನಾಗರಿಕ ಹಕ್ಕುಗಳ ಹೋರಾಟ ತಂದ ಗಾಳಿಯಲ್ಲಿಯೇ 1965ರ ವಲಸೆ ಕಾಯಿದೆ ಬಂದು ಆ ಕಟ್ಟು ಸಡಿಲವಾಯಿತು. ನಮ್ಮಂಥ ಡಾಕ್ಟರುಗಳು, ಎಂಜಿನಿಯರುಗಳು ಬಂದದ್ದು ಆ ಬಾಗಿಲಿನಿಂದ. ನಮ್ಮ ಮಕ್ಕಳ ನಿಲುವಂಗಿಯಲ್ಲಿ ಅಂಥವರ ಋಣವೂ ಇದೆ.

ನಮ್ಮ ಪಾರ್ಟಿಗಳಲ್ಲಿ ಮಗುವಿಗೆ ಬೀಳುವ ಮೊದಲ ಪ್ರಶ್ನೆ, "ಯಾವ ಕಾಲೇಜು?" ದೊಡ್ಡ ಹೆಸರು ಹೇಳಲಾಗದ ಮಗು ತಲೆ ತಗ್ಗಿಸುತ್ತದೆ. ಕಮ್ಯುನಿಟಿ ಕಾಲೇಜಿಗೆ ಸೇರುವ ಮಗುವಿನ ಮನೆಯವರು ಪಾರ್ಟಿಯನ್ನೇ ಮಾಡದೆ ಸುಮ್ಮನಾಗುವುದೂ ಉಂಟು. ಈ ಹಬ್ಬ ಬೆಳೆದದ್ದೇ ಕಾಲೇಜಿಗೆ ಹೋಗದ ಮಕ್ಕಳ ಸಲುವಾಗಿ ಎಂಬುದನ್ನು ನಾವು ಮರೆಯಬಾರದು. ಹದಿನೆಂಟು ತುಂಬಿದ ಮೇಲೆ ಮಗುವಿನ ಕಾಯಿಲೆಯ ವಿಷಯವನ್ನು ತಂದೆತಾಯಿಗೆ ತಿಳಿಸಲು ಕೂಡ ನಾವು ವೈದ್ಯರು ಆ ಮಗುವಿನ ಒಪ್ಪಿಗೆ ಕೇಳಬೇಕು. ಓದಿನ ವಿಷಯದಲ್ಲಿಯೂ ಮಗುವಿನ ಮಾತನ್ನು ಅಷ್ಟೇ ಗೌರವದಿಂದ ಕೇಳೋಣ.

ಈ ಸಮಾರಂಭಕ್ಕೆ ಇಲ್ಲಿಯವರು ಇಟ್ಟಿರುವ ಇನ್ನೊಂದು ಹೆಸರು ಕಮೆನ್ಸ್‌ಮೆಂಟ್, ಅಂದರೆ ಆರಂಭ. ಈ ಬೇಸಿಗೆ ನಮ್ಮ ಕೂಟದಲ್ಲಿ ಹೈಸ್ಕೂಲು ಮುಗಿಸಿದ ಪ್ರತಿಯೊಂದು ಮಗುವಿನ ಹೆಸರನ್ನೂ ಕರೆಯೋಣ, ಪ್ರತಿಯೊಂದು ಹೆಸರಿಗೂ ಚಪ್ಪಾಳೆ ತಟ್ಟೋಣ. ಎಲ್ಲ ಮಕ್ಕಳಿಗೂ ಶುಭವಾಗಲಿ.