ಕುದುರೆ ಯಾರದು?

ಬೊಮ್ಮಸಂದ್ರದ ಕಾರ್ಖಾನೆಗಳ ಮುಂದಿನ ಹೊಸೂರು ರಸ್ತೆಯಲ್ಲಿ ಇಂದು ಲಾರಿ, ಕಂಪನಿ ಬಸ್ಸುಗಳದೇ ಕಾರುಬಾರು. ಇದೇ ರಸ್ತೆ ಹಿಡಿದು ಹೋದರೆ ಹೊಸೂರಿನ ಬಳಿ ಮತ್ತಿಗಿರಿ ಸಿಗುತ್ತದೆ. ಅಲ್ಲಿನ ಜಾನುವಾರು ಫಾರಂ ಅನ್ನು 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಆರಂಭಿಸಿದ್ದು ಸೈನ್ಯದ ಕುದುರೆಗಳಿಗಾಗಿ. ಈಗ ಈ ಭಾಗದ ಐಟಿ ನೌಕರರಲ್ಲಿ ಕೆಲವರು ವಾರಾಂತ್ಯಕ್ಕೆ ಸವಾರಿ ಶಾಲೆಗಳಿಗೆ ಹೋಗಿ, ಗಂಟೆಗಿಷ್ಟು ಎಂದು ಹಣ ಕೊಟ್ಟು, ಶಾಲೆಯ ಕುದುರೆ ಹತ್ತುತ್ತಾರೆ. ಈ ಹವ್ಯಾಸಿಗಳನ್ನು ಕಂಡಾಗ ನನಗೆ ಹಳೆಯ ಸೈನ್ಯಗಳ ಎರಡು ಪದಗಳು ನೆನಪಾಗುತ್ತವೆ: ಸಿಲೇದಾರ, ಬಾರ್ಗೀರ.

ಸ್ವಂತ ಕುದುರೆಯೊಂದಿಗೆ ಸೈನ್ಯ ಸೇರಿದವನು ಸಿಲೇದಾರ. ಇನ್ನೊಬ್ಬರ ಕುದುರೆ ಏರಿದವನು ಬಾರ್ಗೀರ. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಸವಾರರ ಪಡೆಯನ್ನು ಸಾಕಬೇಕಿತ್ತು. ಆ ಪಡೆ ಸಿಲೇದಾರರದು. ಸಿಲೇದಾರನಿಗೆ ಕುದುರೆಯೇ ಬಂಡವಾಳ, ಅದರ ಮೇವಿನ ಹೊಣೆಯೂ ಅವನದೇ. ಕುದುರೆ ಸತ್ತರೆ ಅನ್ನವೇ ಹೋದಂತೆ. ಆದ್ದರಿಂದ ಅವನು ಯುದ್ಧದಲ್ಲಿ ಅದನ್ನು ಅಪಾಯಕ್ಕೊಡ್ಡಲು ಹಿಂಜರಿಯುತ್ತಾನೆ ಎಂಬುದು ಈ ಪದ್ಧತಿಯ ಮೇಲಿದ್ದ ಹಳೆಯ ದೂರು. ಸೇನಾಧಿಕಾರಿಗೆ ಅದು ದೌರ್ಬಲ್ಯ. ನನಗೆ ಕಾಣುವುದು ಹೊಟ್ಟೆಪಾಡಿನ ಭಯ ಬೆರೆತ ಮಮತೆ.

ಡ್ರೆಸೇಜ್‌ನ ಚರಿತ್ರೆ ಇದಕ್ಕೆ ತೀರ ಬೇರೆ. ಆ ಫ್ರೆಂಚ್ ಪದಕ್ಕೆ ತರಬೇತಿ ಎಂದರ್ಥ. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳದಲ್ಲಿ ಸವಾರ ಬಾಯಿ ಬಿಡುವಂತಿಲ್ಲ. ಮೈಭಾರ, ಕಾಲಿನ ಒತ್ತು, ಲಗಾಮುಗಳಲ್ಲೇ ಮಾತು. ಪ್ರತಿ ಚಲನೆಗೆ 0ಯಿಂದ 10ರವರೆಗೆ ಅಂಕ. ನಮ್ಮಲ್ಲೂ ಇಂಥದ್ದಿತ್ತು. ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ವಯ್ಯಾಳಿಗೇ ಒಂದು ಭಾಗವಿದೆ. ಆದರೆ ಅದು ರಾಜನ ವಿನೋದ.

ಯುರೋಪಿನಲ್ಲೂ ಬಾಗಿಲು ಕಿರಿದಾಗಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ ಡ್ರೆಸೇಜ್ ತಂಡ ಚಿನ್ನ ಗೆದ್ದಿತು. ತಂಡದ ಗೆಹ್ನಾಲ್ ಪರ್ಸನ್ ನಿಜವಾಗಿ ಸೇನಾಧಿಕಾರಿಯಲ್ಲ, ಬರೀ ಸಾರ್ಜೆಂಟ್ ಎಂದು ತಿಳಿದಾಗ ಪದಕವನ್ನೇ ಕಿತ್ತುಕೊಂಡರು. ಅವನ ಸವಾರಿಯಲ್ಲಿ ದೋಷವಿರಲಿಲ್ಲ, ಹುದ್ದೆಯಲ್ಲಿತ್ತು. 1952ರಲ್ಲಿ ನಿಯಮ ಬದಲಾಗಿ ಮಹಿಳೆಯರಿಗೂ ಅವಕಾಶ ಸಿಕ್ಕಿತು. ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್, ಜುಬಿಲಿ ಎಂಬ ಕುದುರೆಯೊಂದಿಗೆ ಬೆಳ್ಳಿ ಗೆದ್ದಳು. ಪರ್ಸನ್ ಇದ್ದ ಸ್ವೀಡನ್ ತಂಡ ಮತ್ತೆ ಚಿನ್ನ ಗೆದ್ದಿತು.

ಆ ಬಾಗಿಲು ತೆರೆದಿದ್ದರೂ ಕುದುರೆ ಅಗ್ಗವಾಗಿಲ್ಲ. ಡ್ರೆಸೇಜ್ ಕೂಡ ಒಂದು ಹಂತವಾಗಿರುವ ಇವೆಂಟಿಂಗ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಸೆನ್ಯೋರ್ ಮೆಡಿಕಾಟ್ ಕುದುರೆಯೊಂದಿಗೆ ಬೆಳ್ಳಿ ಗೆದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದರು. ಅವರ ಬೆನ್ನಿಗಿದ್ದದ್ದು ಬೆಂಗಳೂರಿನ ಎಂಬೆಸಿ ಸಮೂಹ. 2023ರಲ್ಲಿ ಹಾಂಗ್‌ಝೌನಲ್ಲಿ ಭಾರತದ ಡ್ರೆಸೇಜ್ ತಂಡ ಚಿನ್ನ ಗೆದ್ದಾಗ ನಾಲ್ವರೂ ಯುರೋಪಿನಲ್ಲಿ ತರಬೇತಿ ಪಡೆದವರಾಗಿದ್ದರು.

ಸಿಲೇದಾರನಲ್ಲಿ ಒಡೆತನ, ಸವಾರಿ, ಆರೈಕೆ ಮೂರೂ ಒಂದೇ ಕಡೆ ಸೇರಿದ್ದವು. ಇಂದು ಒಡೆಯನೊಬ್ಬ, ಸವಾರನೊಬ್ಬ, ಲಾಯದಲ್ಲಿ ಮೇವು ಹಾಕಿ ಮೈ ತಿಕ್ಕುವವನು ಇನ್ನೊಬ್ಬ. ವಾರಾಂತ್ಯದ ಹವ್ಯಾಸಿ ಬಾರ್ಗೀರನೇ. ಅವನು ಇಳಿದ ಮೇಲೆ ಅದೇ ಬೆನ್ನಿಗೆ ಮತ್ತೊಬ್ಬ ಏರುತ್ತಾನೆ. ಫಲಿತಾಂಶ ಪಟ್ಟಿಯಲ್ಲಿ ಸವಾರನ ಹೆಸರಿನ ಪಕ್ಕ ಕುದುರೆಯ ಹೆಸರೂ ಇರುತ್ತದೆ, ಅದು ನ್ಯಾಯವೇ. ಆದರೆ ಕುದುರೆ ನಿನ್ನೆ ರಾತ್ರಿ ಮೇವು ಮುಟ್ಟಲಿಲ್ಲವೆಂದು ಬಲ್ಲವನು ಲಾಯದವನು. ಜೊತೆಗಾರಿಕೆಯ ಚರಿತ್ರೆ ಬರೆಯುವವರು ಅವನ ಹೆಸರನ್ನೂ ಕೇಳಿ ಬರೆದುಕೊಳ್ಳಬೇಕು.