ಅಹವಾಲಿನ ದಾರಿ: ಅಂದು, ಇಂದು

ಖಾತೆ ಬದಲಾವಣೆಯ ಅರ್ಜಿ ತಾಲ್ಲೂಕು ಕಚೇರಿಯಲ್ಲಿ ತಿಂಗಳುಗಟ್ಟಲೆ ಕೊಳೆಯುತ್ತಿದ್ದರೆ ನೀವು ಶಾಸಕರ ಮನೆಬಾಗಿಲಿಗೆ ಹೋಗುತ್ತೀರಲ್ಲವೇ? ಈ ದಾರಿಗೆ ಶತಮಾನ ಮೀರಿದ ಇತಿಹಾಸವಿದೆ.

ಕೆಮ್ಮಣ್ಣುಗುಂಡಿಯ ಮಗ್ಗುಲಿನ ಹೆಬ್ಬೆಯಂಥ ಕಾಡಂಚಿನ ಊರನ್ನು ನೆನೆದುಕೊಳ್ಳಿ. ಹಿಂದೆ ಅಲ್ಲಿನ ರೈತನ ಪಾಲಿಗೆ ಸರ್ಕಾರವೆಂದರೆ ಶಾನುಭೋಗರು, ಅಮಲ್ದಾರರು. ಅವರ ಮೇಲೆಯೇ ದೂರಿದ್ದರೆ ಹೇಳುವುದು ಯಾರಿಗೆ?

1881ರಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, 144 ಮಂದಿ ಮೈಸೂರಿನಲ್ಲಿ ಸೇರಿದರು. ತಾಲ್ಲೂಕಿಗೆ ಒಬ್ಬಿಬ್ಬರು ಹಿಡುವಳಿದಾರರು, ಜಿಲ್ಲೆಗೆ ಕೆಲವರು ವರ್ತಕರು. ತರೀಕೆರೆ ಆಗ ಕಡೂರು ಜಿಲ್ಲೆಯಲ್ಲಿತ್ತು. ದಿವಾನರು ರಾಜ್ಯದ ಆಯವ್ಯಯವನ್ನು ವಿವರಿಸಿ, ಜನರ ಕುಂದುಕೊರತೆಗಳನ್ನು ಆಲಿಸುತ್ತಿದ್ದರು.

ಆದರೆ ಆ ಸದಸ್ಯರು ಚುನಾಯಿತರಲ್ಲ. ಚುನಾವಣೆ ಬಂದದ್ದು 1891ರಲ್ಲಿ. ಮತದ ಹಕ್ಕಾದರೋ ಆಸ್ತಿವಂತರಿಗೆ, ಪದವೀಧರರಿಗೆ ಮಾತ್ರ. ಕೂಲಿಕಾರನ ಮಾತು ಮತ್ತೊಬ್ಬರ ಬಾಯಲ್ಲೇ ಉಳಿಯಿತು. ಸಭೆ ಕೇಳಬಹುದಿತ್ತು, ಆಜ್ಞಾಪಿಸುವಂತಿರಲಿಲ್ಲ. 1923ರಲ್ಲಿ ಅದಕ್ಕೆ ಶಾಸನದ ಆಧಾರ ಸಿಕ್ಕಿತು. ವಯಸ್ಕರೆಲ್ಲರೂ ಮತ ಹಾಕಿದ್ದು ಸಂವಿಧಾನ ಜಾರಿಗೆ ಬಂದ ಮೇಲೆ, 1951-52ರ ಮಹಾಚುನಾವಣೆಯಲ್ಲಿ.

ಇಂದಿಗೂ ಶಾಸಕರ ಪತ್ರ ಅಧಿಕಾರಿಗೆ ಆಜ್ಞೆಯಲ್ಲ, ವಿಚಾರಣೆ. ಆದರೆ ಸದನದಲ್ಲಿ ಅವರು ಪ್ರಶ್ನೆ ಕೇಳಿದರೆ ಮಂತ್ರಿಗಳು ಉತ್ತರಿಸಬೇಕು. ಆದ್ದರಿಂದ ಬರಿಗೈಯಲ್ಲಿ ಹೋಗಬೇಡಿ. ಅರ್ಜಿಯ ಪ್ರತಿ, ಕೊಟ್ಟ ದಿನಾಂಕ, ಸ್ವೀಕೃತಿ ಸಂಖ್ಯೆ, ಕಚೇರಿಯ ಹೆಸರು ಕೈಯಲ್ಲಿರಲಿ. ಅಂದು ದಸರೆಗಾಗಿ ವರ್ಷವಿಡೀ ಕಾಯಬೇಕಿತ್ತು. ಇಂದು ಕೇಳುವ ಹಕ್ಕು ನಿಮ್ಮದೇ; ಅದು ಯಾರೂ ಕೊಡುವ ದಾನವಲ್ಲ.