ಕಿವಿಯ ಪಾಠ, ಕೆರೆಯ ಪಾಠ

ಓದುಗರೇ, ಮನೆಯಲ್ಲೇ ಮಕ್ಕಳಿಗೆ ಪಾಠವೆಂಬುದು ಈಚಿನ ಹೊಸ ಹವ್ಯಾಸವೆಂದು ತಾವು ಭಾವಿಸಿದ್ದರೆ, ತುಮಕೂರು ಸೀಮೆಯ ಹಳೆಯ ಜಗಲಿಗಳನ್ನೊಮ್ಮೆ ನೆನೆಯಬೇಕು. ಅಕ್ಷರ ಕಾಣದ ಹಿರಿಯರೂ ಕುಮಾರವ್ಯಾಸನ ಭಾರತವನ್ನು ಗಮಕಿಗಳ ಬಾಯಿಂದ ಕೇಳಿಯೇ ಬಲ್ಲವರಾಗಿದ್ದರು. ಗುಬ್ಬಿಯಲ್ಲಂತೂ 1884ರಲ್ಲಿ ಹುಟ್ಟಿದ ನಾಟಕ ಮಂಡಳಿಯಿತ್ತು. ಪುಸ್ತಕ ಮುಟ್ಟುವ ಮುನ್ನವೇ ಕಿವಿ ಹದಗೊಳ್ಳುತ್ತಿದ್ದಿತು.

ಈ ಕಿವಿಯ ವಿದ್ಯೆಗೆ ಯಂತ್ರದ ಬೆಂಬಲ ದೊರೆತದ್ದೂ ಒಂದು ಮನೆಯಿಂದಲೇ. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆದರು. ಅದರ 'ಆಕಾಶವಾಣಿ' ಎಂಬ ಹೆಸರು ಮುಂದೆ ದೇಶದ್ದೇ ಆಯಿತು. ಕೇಂದ್ರವು 1955ರಲ್ಲಿ ಬೆಂಗಳೂರಿಗೆ ಬಂದಿತು. ಅತ್ತ ಪುತ್ತೂರಿನ ಶಿವರಾಮ ಕಾರಂತರು 'ಬಾಲಪ್ರಪಂಚ'ದ ಸಂಪುಟಗಳಲ್ಲಿ ಮಕ್ಕಳ ಮುಂದೆ ಸೃಷ್ಟಿಯನ್ನೇ ಬಿಚ್ಚಿಟ್ಟರು.

ಇವೆರಡೂ ಒಟ್ಟಿಗೆ ನಮಗೆ ಬೇಕಾದದ್ದು 2020ರಲ್ಲಿ. ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದವು. ಆಗಸ್ಟಿನಲ್ಲಿ 'ವಿದ್ಯಾಗಮ' ಬಂದಿತು: ಮೇಷ್ಟರೇ ಮಕ್ಕಳಿದ್ದೆಡೆಗೆ ಹೋಗಿ ಅರಳಿಕಟ್ಟೆಯಲ್ಲೋ ಗುಡಿಯ ಜಗಲಿಯಲ್ಲೋ ಪಾಠ ಹೇಳತಕ್ಕದ್ದು. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದೂ ನಿಂತಿತು. ಮತ್ತೆ ತೊಡಗಿದ್ದು 2021ರ ಜನವರಿಯಲ್ಲಿ. ಆ ನಡುವೆ ಕುಣಿಗಲ್ ಕಡೆಯ ನನ್ನ ಹುಡುಗರಲ್ಲಿ ಕೆಲವರು ದನದ ಹಿಂದೆ, ಕೆಲವರು ಕೂಲಿಗೆ ಹೊರಟುಬಿಟ್ಟರು. ಹೋದವರು ಮರಳುವರೆಂಬ ಧೈರ್ಯ ನನಗಿರಲಿಲ್ಲ.

ಮೊಬೈಲಿನಲ್ಲಿ ಚಿತ್ರಪಾಠ ನೋಡುವ ಅನುಕೂಲ ಎಲ್ಲರಿಗೆಲ್ಲಿಯದು? ಬರಿಯ ದನಿಯಾದರೆ ಹೇಗೋ ತಲಪುತ್ತದೆ. ಮೊದಲು ಅರ್ಧ ಗಂಟೆ ಸಂಧಿಪ್ರಕರಣವನ್ನು ಮುದ್ರಿಸಿ ಕಳುಹಿಸಿದೆ. ಪಂಡಿತನ ಚಟ, ಯಾರೂ ಕೇಳಲಿಲ್ಲ. ಆಮೇಲೆ ಕಥೆಗಳನ್ನು ಓದಿದೆ. ಒಂದು ದಿನ ಕುಣಿಗಲ್ ಕೆರೆಯ ಸೊಬಗನ್ನು ಕೊಂಡಾಡುವ ಜನಪದ ಹಾಡನ್ನು ಒಡಕು ಕಂಠದಲ್ಲೇ ಹಾಡಿ, "ಮನೆಯ ದೊಡ್ಡವರ ಜೊತೆ ಕೆರೆಗೆ ಹೋಗಿ, ಹಾಡಿನಲ್ಲಿರುವುದು ಏನುಂಟು, ಏನಿಲ್ಲ, ನೋಡಿ ಹೇಳಿ" ಎಂದೆ.

ಏಳನೆಯ ತರಗತಿಯ ಹುಡುಗಿಯೊಬ್ಬಳ ಉತ್ತರ ಬಂದಿತು: "ಮೇಷ್ಟ್ರೇ, ಹಳದಿ ಕೊಕ್ಕು, ಬಾಲದ ಹತ್ರ ಗುಲಾಬಿ ಬಣ್ಣ, ಉದ್ದ ಕಾಲು. ಇದ್ಯಾವ ಹಕ್ಕಿ?" ಬಕನೆಂಬ ಸಂಸ್ಕೃತದ ಹೆಸರನ್ನು ಬಲ್ಲ ನಾನು ಈ ಹಕ್ಕಿಯನ್ನರಿಯೆ! ಗುರುತು ಹೇಳಿದವರು ಅವಳ ತಾತ: ಬಣ್ಣದ ಕೊಕ್ಕರೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಿಸೆಮರಗಳಲ್ಲಿ ಗೂಡುಕಟ್ಟುವುದೂ ಇದೇ ಹಕ್ಕಿ. ಮರುವಾರದ ಪಾಠವನ್ನು ತಾತನೇ ಹೇಳಿದರು. ನಾನು ಮುದ್ರಿಸಿ ಉಳಿದವರಿಗೆ ಹಂಚಿದೆನಷ್ಟೆ.

ಶಾಲೆ ತೆರೆದ ದಿನ ಆ ಹುಡುಗಿ ಹಕ್ಕಿಗಳ ಹೆಸರು ಬರೆದ ಪುಸ್ತಕ ಹಿಡಿದು ಬಂದಳು. ಹತ್ತನೆಯ ತರಗತಿಯಲ್ಲಿದ್ದ ಅವಳ ಅಣ್ಣ ಬರಲಿಲ್ಲ.